ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿದ ಬಗ್ಗೆ

ನಾನು ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುವವಳು, ವಯಸ್ಸು 34 ವರ್ಷ, ಉದ್ಯೋಗ ಮನೆಯಲ್ಲೇ ಬಟ್ಟೆ ಹೊಲಿಯುವುದು, ವಾಸ ಹಾಲಿನ ಅಂಗಡಿಗೆ ಅಂಟಿಕೊಂಡ ಎರಡಂತಸ್ತಿನ ಮನೆಯ ಕೆಳಗಿನ ಭಾಗ. ತಾವು ಕೇಳಿದ್ದಕ್ಕೆ ಉತ್ತರವಾಗಿಯೂ, ಕೇಳದೆ ಬಿಟ್ಟದ್ದನ್ನು ನಾನಾಗಿ ಸೇರಿಸಿಯೂ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಮೇಲಿನ ಮನೆಯಲ್ಲಿರುವ ವಾಚ್ ರಿಪೇರಿಯವರು ನನ್ನ ಅತ್ತೆಯವರ ಮೇಲೆ ಕೊಟ್ಟ ದೂರನ್ನು ಇಂದು ಬೆಳಿಗ್ಗೆ ಠಾಣೆಯಲ್ಲಿ ನನಗೆ ಓದಿ ಹೇಳಲಾಯಿತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅತ್ತೆಯವರು ಅವರನ್ನು ತಳ್ಳಿದ್ದು ನಿಜ. ಕೈ ಮುರೀತೀನಿ ಎಂದು ಕೂಗಿದ್ದು ನಿಜ. ನಾನು ಅಳುತ್ತಿದ್ದರೂ ಬಿಡದೆ ನನ್ನ ಸುಟ್ಟ ಕೈಯನ್ನು ಇಪ್ಪತ್ತು ನಿಮಿಷ ಹಿಡಿದುಕೊಂಡಿದ್ದು, ವಾಚಿನವರು ಓಡಿಹೋಗಿ ತಂದ ಟೂತ್‌ಪೇಸ್ಟನ್ನು ಕಿಟಕಿಯಿಂದ ಆಚೆ ಎಸೆದದ್ದು, ಎಲ್ಲವೂ ನಿಜ. ಇಷ್ಟೊಂದು ನಿಜ ಒಂದೇ ಕಾಗದದಲ್ಲಿ ಸೇರಿಕೊಂಡಿರುವುದರಿಂದಲೇ ನನಗೆ ಭಯವಾಗಿದೆ. ಅರವತ್ತಾರು ವರ್ಷದ ಅತ್ತೆಯವರ ಮೇಲೆ ಸೊಸೆಗೆ ಹಿಂಸೆ ಕೊಟ್ಟರೆಂದು ಕೇಸು ಬಿದ್ದರೆ ಅದಕ್ಕೆ ನನ್ನ ಕೈಯೇ ಸಾಕ್ಷಿಯಾಗುತ್ತದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಪರಾಂಬರಿಸಲು ಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಅತ್ತೆಯವರು ಬಹಳ ವರ್ಷ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕರಿಯುವ ವಿಭಾಗ ನೋಡಿಕೊಂಡವರು. ಅಲ್ಲಿ ಒಮ್ಮೆ ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ಯಾರೋ ಗಾಬರಿಯಲ್ಲಿ ಒಂದು ಚೊಂಬು ನೀರು ಸುರಿದರು. ಬೆಂಕಿ ಸೂರಿಗೆ ಹಾರಿತು. ಪಕ್ಕದಲ್ಲಿ ನಿಂತಿದ್ದ ಅತ್ತೆಯವರ ಗೆಳತಿ ಹೇಗೋ ಬದುಕಿಕೊಂಡರು. ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ, ಹರಟೆ ಹೊಡೆಯುತ್ತಾರೆ, ಊಟ ಮಾಡುತ್ತಾರೆ. ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವುದಿಲ್ಲ.

ಈ ಕಾರಣದಿಂದ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಂಕಿಯ ತಾಲೀಮು ನಡೆಯುತ್ತದೆ. ಯಾವ ಹೊತ್ತಿಗೆ ಎಂದು ಅತ್ತೆಯವರು ಹೇಳುವುದಿಲ್ಲ. ಇದ್ದಕ್ಕಿದ್ದ ಹಾಗೆ ಬೆಂಕಿ ಬಿತ್ತು ಎಂದು ಕೂಗುತ್ತಾರೆ. ಅವರ ದನಿ ಇನ್ನೂರು ಜನರ ಕ್ಯಾಂಟೀನಿನಲ್ಲಿ ಪಳಗಿದ್ದು. ಆಗ ಮಾವನವರು ಹಿತ್ತಲಿಗೆ ಹೋಗಿ ಸಿಲಿಂಡರ್ ಬಂದ್ ಮಾಡಿ, ಬಂದ್ ಆಯ್ತು ಎಂದು ಕೂಗಬೇಕು. ನಾನು ಒಲೆ ಆರಿಸಿ ಬಾಣಲೆಗೆ ಮುಚ್ಚಳ ಹಾಕಬೇಕು. ಬಾಣಲೆಯ ಅಳತೆಯ ಮುಚ್ಚಳ ಒಲೆಯ ಪಕ್ಕದ ಮೊಳೆಯಲ್ಲೇ ತೂಗುತ್ತಿರುತ್ತದೆ. ನನ್ನ ಯಜಮಾನರಿಗೂ ಒಂದು ಕೆಲಸವಿದೆ, ಆದರೆ ಅವರು ಲಿಫ್ಟ್ ಮೆಕ್ಯಾನಿಕ್, ಭಾನುವಾರವೂ ಕರೆ ಬರುತ್ತದೆ, ಬಾರದಿದ್ದರೆ ಬರಿಸಿಕೊಳ್ಳುತ್ತಾರೆ. ಎಲ್ಲ ಮುಗಿದ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ. ಬಸ್ ಓಡಿಸಿ ನಿವೃತ್ತರಾದ ಮಾವನವರಿಗೆ ಇದುವರೆಗೆ ನಾಲ್ಕರ ಮೇಲೆ ಬಂದಿಲ್ಲ. ಬೆಂಕಿ ಬಿದ್ಮೇಲೆ ಬಾವಿ ತೋಡೋದು ನಿಮ್ಮ ವಂಶದ ಚಾಳಿ, ನನ್ನ ಮನೇಲಿ ಬಾವಿ ಮೊದ್ಲೇ ತೋಡಿರ್ಬೇಕು ಎಂದು ಅತ್ತೆಯವರು ಹೇಳುವುದುಂಟು. ವಾರಕ್ಕೊಂದು ಬಾವಿ ತೋಡಿದ್ರೆ ಮನೇಲಿ ಕಾಲಿಡೋಕೆ ಜಾಗ ಇರುತ್ತೇನೇ ಎಂದು ಮಾವನವರು ಹೇಳುವುದುಂಟು.

ಮೇಲಿನ ಮನೆಗೆ ಇದರಲ್ಲಿ ಮಾತು ಬಿಡಿಸಿ ಕೇಳಿಸುವುದಿಲ್ಲ. ಹೆಂಗಸಿನ ಕೂಗು, ಪಾತ್ರೆಯ ಸದ್ದು, ಗಂಡಸಿನ ಗೊಣಗಾಟ ಇಷ್ಟೇ ಕೇಳಿಸುತ್ತದೆ. ವಾಚಿನವರು ಬಾಡಿಗೆಗೆ ಬಂದು ನಾಲ್ಕು ತಿಂಗಳಾಗಿದೆ, ಒಬ್ಬರೇ ಇದ್ದಾರೆ. ಅವರು ಇದನ್ನು ಹೊಡೆದಾಟ ಎಂದುಕೊಂಡಿದ್ದರೆ ಅವರ ತಪ್ಪೇನೂ ಇಲ್ಲ.

ನಮ್ಮ ಅಡುಗೆಮನೆಯ ಇನ್ನೊಂದು ಕಟ್ಟಳೆಯನ್ನೂ ಇಲ್ಲಿ ಹೇಳಬೇಕಾಗುತ್ತದೆ. ಒಲೆಯ ಮುಂದಿನಿಂದ ಕದಲುವವರು ಎಡಗೈಯಲ್ಲಿ ಒಲೆ ಆರಿಸಿ, ಬಲಗೈಯಲ್ಲಿ ಸೌಟು ಹಿಡಿದುಕೊಂಡೇ ಹೋಗಬೇಕು. ಕೈಯಲ್ಲಿ ಸೌಟಿದ್ದರೆ ಅಡುಗೆ ಅರ್ಧಕ್ಕೆ ನಿಂತಿದೆ ಎನ್ನುವುದು ಮರೆಯುವುದಿಲ್ಲ ಎಂಬುದು ಅತ್ತೆಯವರ ಲೆಕ್ಕ. ನಾನು ಸೌಟು ಹಿಡಿದುಕೊಂಡು ಹಾಲು ತಂದಿದ್ದೇನೆ, ಗಿರಾಕಿಗಳ ಅಳತೆ ತೆಗೆದಿದ್ದೇನೆ. ಬೀದಿಯಲ್ಲಿ ನನ್ನನ್ನು ನೋಡಿ ನಗುತ್ತಾರೆ. ನಗಲಿ.

ಮೊನ್ನೆ ಭಾನುವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ನಾನು ಆಲೂಗಡ್ಡೆ ಹೋಳು ಕರಿಯುತ್ತಿದ್ದೆ. ಅತ್ತೆಯವರು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಮಾವನವರು ಹಿತ್ತಲ ಮೆಟ್ಟಿಲ ಮೇಲೆ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದರು. ಮೊದಲ ಸರದಿ ಎತ್ತಿ ಜರಡಿಗೆ ಹಾಕುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ನಾನು ಸೌಟು ಹಿಡಿದುಕೊಂಡು ಹೋದೆ. ಒಲೆ ಆರಿಸಲಿಲ್ಲ. ಇಷ್ಟು ವರ್ಷ ಎರಡು ಕೈಯೂ ಒಟ್ಟಿಗೆ ಕೆಲಸ ಮಾಡಿ ಅಭ್ಯಾಸವಾಗಿ, ಸೌಟು ಕೈಯಲ್ಲಿದೆ ಎಂದರೆ ಒಲೆ ಆರಿದೆ ಎಂದೇ ನನ್ನ ತಲೆ ತಿಳಿದುಕೊಂಡಿತು. ಎಚ್ಚರಕ್ಕೆಂದು ಕೊಟ್ಟ ಸೌಟೇ ನನ್ನನ್ನು ಮಲಗಿಸಿಬಿಟ್ಟಿತು.

ಬಾಗಿಲಲ್ಲಿ ವಾಚಿನವರು ನಿಂತಿದ್ದರು. ಸಂಕೋಚದಿಂದಲೇ ಮಾತು ತೆಗೆದರು. ನೋಡಮ್ಮ, ಭಾನುವಾರ ಬಂತಂದ್ರೆ ಕೆಳಗಡೆ ಅದೇನು ಕೂಗು, ನನ್ನ ಚಿಮುಟ ಹಾರಿ ಸ್ಪ್ರಿಂಗು ಮಂಚದ ಕೆಳಗೆ ಹೋಗುತ್ತೆ, ಹುಡುಕೋಕೆ ಅರ್ಧ ದಿನ ಬೇಕು ಎಂದರು. ಆಮೇಲೆ ದನಿ ತಗ್ಗಿಸಿ, ನಿಂಗೇನಾದ್ರೂ ತೊಂದರೆ ಇದ್ರೆ ಹೇಳಮ್ಮ, ನನಗೂ ನಿನ್ನ ವಯಸ್ಸಿನ ತಂಗಿ ಇದ್ದಾಳೆ ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕು, ಅವರಿಗೆ ತಾಲೀಮಿನ ವಿಷಯ ಮೊದಲಿಂದ ಹೇಳತೊಡಗಿದೆ. ಅಂಕದ ಪದ್ಧತಿ ಹೇಳಿದೆ. ಸೌಟನ್ನು ಎತ್ತಿ ತೋರಿಸಿ ಅದರ ಗುಣಗಾನವನ್ನೂ ಮಾಡಿದೆ. ಬೆಂಕಿ ಬೀಳದಂತೆ ನಾವು ಎಷ್ಟು ಎಚ್ಚರವಾಗಿರುತ್ತೇವೆ ಎಂದು ನಾನು ವಿವರಿಸುತ್ತಿದ್ದಾಗಲೇ ಒಳಗೆ ಎಣ್ಣೆ ಹೊಗೆಯಾಡುತ್ತಿತ್ತು.

10 ಗಂಟೆ 50 ನಿಮಿಷಕ್ಕೆ, ಇದು ವಾಚಿನವರು ಹೇಳಿದ ಸಮಯ, ಆದ್ದರಿಂದ ಅನುಮಾನ ಬೇಡ, ಹಿತ್ತಲಿನಿಂದ ಅತ್ತೆಯವರು ಬೆಂಕಿ ಬಿತ್ತು ಎಂದು ಕೂಗಿದರು. ನಾನು ಗಾಬರಿಯಾಗಲಿಲ್ಲ. ನೋಡಿ, ಇದೇ ಅದು, ಬನ್ನಿ ತೋರಿಸ್ತೀನಿ ಎಂದು ಅವರನ್ನು ಒಳಗೆ ಕರೆದುಕೊಂಡು ಹೋದೆ. ಅಡುಗೆಮನೆಯ ಬಾಗಿಲಿಗೆ ಬಂದಾಗ ಬಾಣಲೆಯ ಮೇಲೆ ಎರಡು ಅಡಿ ಎತ್ತರದ ಬೆಂಕಿ ನಿಂತಿತ್ತು.

ಅತ್ತೆಯವರು ಕೂಗಿದ್ದು ಹಿತ್ತಲಿನಿಂದ ಕಿಟಕಿಯಲ್ಲಿ ಉರಿ ಕಂಡು. ಅಲ್ಲೇ ಇದ್ದ ಮಾವನವರು ಮಾತ್ರ ನನ್ನಂತೆಯೇ ಇದನ್ನು ತಾಲೀಮು ಎಂದುಕೊಂಡರು. ಒಂದು ಪದ ಬಾಕಿ ಇದೆ ಕಣೇ, ನಿನ್ನ ಬೆಂಕಿ ಒಂದು ನಿಮಿಷ ಕಾಯಲ್ವಾ ಎಂದು ಗೊಣಗುತ್ತಲೇ ಎದ್ದು, ಸಿಲಿಂಡರ್ ತಿರುಗಿಸಿ, ಬಂದ್ ಆಯ್ತು ಎಂದು ಕೂಗಿ, ಮತ್ತೆ ಮೆಟ್ಟಿಲ ಮೇಲೆ ಕೂತರು. ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಹೆದರಿ ಓಡಿದ್ದರೆ ಎಡವುತ್ತಿದ್ದರೋ ಏನೋ, ಬೇಸರದಲ್ಲಿ ಮಾಡಿದ್ದರಿಂದ ಕೆಲಸ ಚೊಕ್ಕವಾಗಿ ಆಯಿತು. ಬರ್ನರಿನ ನೀಲಿ ಉರಿ ಸತ್ತಿತು. ಎಣ್ಣೆಯ ಬೆಂಕಿ ಉಳಿಯಿತು.

ನಾನು ಮೊಳೆಯಿಂದ ಮುಚ್ಚಳ ತೆಗೆದು ಗುರಾಣಿಯಂತೆ ಅಡ್ಡ ಹಿಡಿದು, ನನ್ನ ಕಡೆಯಿಂದ ಬಾಣಲೆಯ ಮೇಲೆ ಜಾರಿಸಿದೆ. ಇದನ್ನು ನಾನು ಖಾಲಿ ಬಾಣಲೆಯ ಮೇಲೆ ಎಷ್ಟೋ ಭಾನುವಾರ ಬೈದುಕೊಂಡು ಮಾಡಿದ್ದೇನೆ. ಆ ದಿನ ನನ್ನ ಕೈ ನನ್ನನ್ನು ಕೇಳದೆಯೇ ಮಾಡಿತು. ಮುಚ್ಚಳ ಕೂರುವಾಗ ಎಣ್ಣೆ ಸಿಡಿದು ನನ್ನ ಬಲ ಮಣಿಕಟ್ಟಿನ ಮೇಲೆ ಬಿತ್ತು. ನಾನು ಚೀರಿದೆ, ಆದರೆ ಮುಚ್ಚಳ ಕೂತಿತ್ತು.

ಮುಚ್ಚಳದ ಅಂಚಿನಿಂದ ಇನ್ನೂ ಉರಿ ಇಣುಕುತ್ತಿತ್ತು. ಅದನ್ನು ಕಂಡು ವಾಚಿನವರು, ನನ್ನನ್ನು ಉಳಿಸಲೆಂದೇ, ಬಾಗಿಲ ಹತ್ತಿರ ಬಟ್ಟೆ ನೆನೆಸಲು ಇಟ್ಟಿದ್ದ ಬಕೆಟ್ಟನ್ನು ನೀರಿನ ಸಮೇತ ಎತ್ತಿದರು. ಅದೇ ಕ್ಷಣ ಅತ್ತೆಯವರು ಹಿತ್ತಲ ಬಾಗಿಲಿಂದ ಒಳಗೆ ಬಂದರು. ಅವರು ಕಂಡದ್ದು ಎಣ್ಣೆಯ ಬೆಂಕಿ, ನೀರು ಎತ್ತಿದ ಕೈ, ಪಕ್ಕದಲ್ಲಿ ನಿಂತ ನಾನು. ಆಗ ಅವರಿಗೆ ಯಾವ ಅಡುಗೆಮನೆ ಕಣ್ಣ ಮುಂದೆ ಬಂದಿರಬಹುದು ಎಂದು ತಾವೇ ಊಹಿಸಬಹುದು. ನೀರು ಹಾಕಿದ್ರೆ ಕೈ ಮುರೀತೀನಿ ಎಂದು ಕೂಗಿ ಎರಡೂ ಕೈಯಿಂದ ಅವರನ್ನು ತಳ್ಳಿದರು. ಸದರಿ ಬಕೆಟ್ ಉರುಳಿ ನೀರೆಲ್ಲ ನಡುಮನೆಗೆ ಹರಿಯಿತು. ವಾಚಿನವರು ನನ್ನ ಹೊಲಿಗೆಯ ಚೂರುಬಟ್ಟೆಯ ಮೂಟೆಯ ಮೇಲೆ ಕೂತುಬಿಟ್ಟರು. ಅವರಿಗೆ ಪೆಟ್ಟಾಗಿಲ್ಲ ಎಂದು ದೂರಿನಲ್ಲಿಯೂ ಇದೆ. ಸ್ವಲ್ಪ ಹೊತ್ತಿಗೆ ಉರಿ ಗಾಳಿಯಿಲ್ಲದೆ ತಾನಾಗಿ ಸತ್ತಿತು. ಆ ಮುಚ್ಚಳವನ್ನು ಸಂಜೆಯವರೆಗೆ ಯಾರೂ ಮುಟ್ಟಲು ಅತ್ತೆಯವರು ಬಿಡಲಿಲ್ಲ.

ನಂತರ ಅವರು ನನ್ನ ಬಳೆಗಳನ್ನು, ಕೈ ಊದಿಕೊಳ್ಳುವ ಮೊದಲೇ, ಕಳಚಿ ತೆಗೆದು, ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. ಆಗ 10 ಗಂಟೆ 52 ನಿಮಿಷ. ಮಾವನವರು ಎಷ್ಟು ಅಂಕ ಎಂದು ಕೇಳುತ್ತಾ ಒಳಗೆ ಬಂದವರು ಹೊಗೆ ನೋಡಿ, ನನ್ನ ಕೈ ನೋಡಿ, ಪತ್ರಿಕೆಯನ್ನು ಅಲ್ಲೇ ಎಸೆದರು. ಫ್ರಿಜ್ಜಿನಿಂದ ಐಸ್ ತಂದರು. ಐಸ್ ಬೇಡ, ಚರ್ಮ ಇನ್ನೂ ಕೆಡುತ್ತೆ ಎಂದು ಅತ್ತೆಯವರು ಗದರಿದರು. ವಾಚಿನವರು ಮೇಲಕ್ಕೆ ಓಡಿ ಟೂತ್‌ಪೇಸ್ಟ್ ತಂದರು. ಅದು ಕಿಟಕಿಯಿಂದ ಆಚೆ ಹೋಯಿತು. ಎರಡು ನಿಮಿಷಕ್ಕೆ ನಾನು ಸಾಕು ಎಂದೆ. ಐದು ನಿಮಿಷಕ್ಕೆ ಬಿಡಿ ಅತ್ತೆ ಎಂದು ಅಳತೊಡಗಿದೆ. ಅಳು, ಬೈಕೋ, ಶಾಪ ಹಾಕು, ಕೈ ಮಾತ್ರ ಬಿಡಲ್ಲ ಎಂದು ಅವರು ಹೇಳಿದರು.

ದೂರಿನಲ್ಲಿ ಇಲ್ಲದ ಒಂದು ಸಂಗತಿಯನ್ನು ಇಲ್ಲಿ ಬರೆಸುತ್ತಿದ್ದೇನೆ. ಅತ್ತೆಯವರ ಬೆರಳುಗಳಿಗೆ ಸಂಧಿವಾತವಿದೆ. ಮುಖ ತೊಳೆಯಲೂ ನೀರು ಕಾಯಿಸಿಕೊಳ್ಳುತ್ತಾರೆ. ಆ ಇಪ್ಪತ್ತು ನಿಮಿಷವೂ ತಣ್ಣೀರಿನ ಕೆಳಗೆ ನನ್ನ ಕೈಯ ಜೊತೆ ಅವರ ಕೈಯೂ ಇತ್ತು. 11 ಗಂಟೆ 12 ನಿಮಿಷಕ್ಕೆ ನಲ್ಲಿ ನಿಲ್ಲಿಸಿದಾಗ ನನ್ನ ಕೈಯನ್ನು ಅವರೇ ಬಿಡಬೇಕೆಂದರೂ ಅವರ ಬೆರಳು ಬಿಚ್ಚಲಿಲ್ಲ. ಮಾವನವರು ಒಂದೊಂದಾಗಿ ಬಿಡಿಸಿದರು.

ಆಮೇಲೆ ಒಗೆದ ಬಟ್ಟೆಯನ್ನು ಸಡಿಲವಾಗಿ ಸುತ್ತಿ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ಹೆಚ್ಚು ಆಳಕ್ಕೆ ಹೋಗಿಲ್ಲ, ಮತ್ತೆ ಸೂಜಿ ಹಿಡಿಯಲು ತೊಂದರೆಯಿಲ್ಲ, ಎಷ್ಟು ಹೊತ್ತು ನೀರಲ್ಲಿ ಇಟ್ಟಿದ್ರಿ ಎಂದು ಕೇಳಿದರು. ಇಪ್ಪತ್ತು ನಿಮಿಷ ಎಂದಾಗ ನಂಬಲಿಲ್ಲ, ಅಷ್ಟು ಹೊತ್ತು ಯಾರೂ ತಡೆದುಕೊಳ್ಳಲ್ಲ, ಯಾರೂ ಹಿಡಿದುಕೊಳ್ಳೋದೂ ಇಲ್ಲ ಎಂದರು. ಆ ಇಪ್ಪತ್ತು ನಿಮಿಷಕ್ಕೆ ಈಗ ಲಿಖಿತ ಸಾಕ್ಷಿ ಇರುವುದು ವಾಚಿನವರ ದೂರಿನಲ್ಲಿ ಮಾತ್ರ. ಅದಕ್ಕೆ ನಾನು ಅವರಿಗೆ ಋಣಿ.

ಮನೆಗೆ ಬಂದ ಮೇಲೆ ಮಾವನವರು ಮೆಲ್ಲಗೆ ಅಂಕ ಕೇಳಿದರು. ಅತ್ತೆಯವರು ಅವರಿಗೆ ಹತ್ತಕ್ಕೆ ಹತ್ತು ಎಂದರು. ನನಗೆ ಎರಡು, ಅದೂ ಮುಚ್ಚಳಕ್ಕೆ ಎಂದರು. ಹಾಗೆಂದವರೇ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತರು. ನಲ್ಲಿಯ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದರು. ಕ್ಯಾಂಟೀನಿನ ದನಿ, ಕೇಳಿಸಿತು.

ನಿನ್ನನ್ನು ಯಾರಾದರೂ ಹೆದರಿಸಿ ಇದನ್ನು ಹೇಳಿಸುತ್ತಿದ್ದಾರೆಯೇ ಎಂದು ತಾವು ಕೇಳಿದಿರಿ. ಅತ್ತೆಯವರನ್ನು ಹೊರಗಿನ ಬೆಂಚಿನಲ್ಲಿ, ದೂರು ಕೊಟ್ಟವರ ಪಕ್ಕದಲ್ಲೇ, ಕೂರಿಸಲಾಗಿದೆ. ನಾನು ಇದನ್ನು ಬರೆಸುವಾಗ ಅವರ ದನಿ ತಮಗೂ ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರಿಗೂ ಕೇಳಿಸಿದೆ. ವಾಚಿನ ಚಕ್ರ ಎಲ್ಲ ಯಾವುದ್ರಲ್ಲಿ ತೊಳೀತೀರಿ ಎಂದು ಅವರು ವಿಚಾರಿಸಿದರು. ಪೆಟ್ರೋಲಿನಲ್ಲಿ ಎಂದು ವಾಚಿನವರು ಹೇಳಿದರು. ಬಾಟಲಿ ಎಲ್ಲಿಡ್ತೀರಿ ಎಂದರು. ಒಲೆ ಪಕ್ಕದ ಗೂಡಲ್ಲಿ ಎಂದು ಉತ್ತರ ಬಂತು. ಆಗ ಅತ್ತೆಯವರು, ಅಯ್ಯೋ ಪುಣ್ಯಾತ್ಮ, ನನ್ನ ತಲೆ ಮೇಲೆ ಪೆಟ್ರೋಲ್ ಇಟ್ಕೊಂಡು ನನ್ನ ಮೇಲೇ ದೂರು ಕೊಟ್ಯಾ ಎಂದು ಕೂಗಿದ್ದಕ್ಕೆ ರೈಟರು ಬರೆಯುವುದನ್ನು ನಿಲ್ಲಿಸಿ ನಕ್ಕರು. ನನಗೂ ನಗು ಬಂತು. ಹೆದರಿದವರು ಹೀಗೆ ನಗುವುದಿಲ್ಲ.

ಇದಾದ ಮೇಲೆ ವಾಚಿನವರು ತಾವಾಗಿಯೇ ಒಳಗೆ ಬಂದು, ತಾನು ಕಂಡದ್ದು ಸರಿ, ತಿಳಿದುಕೊಂಡದ್ದು ತಪ್ಪು, ದೂರು ವಾಪಸ್ ತಗೋತೀನಿ ಎಂದು ತಮ್ಮೆದುರೇ ಹೇಳಿರುತ್ತಾರೆ. ಬರುವ ಭಾನುವಾರದಿಂದ ತಾಲೀಮಿಗೆ ಗಡಿಯಾರ ಹಿಡಿಯುವವರು ಅವರೇ. ಪೆಟ್ರೋಲ್ ಬಾಟಲಿ ಇವತ್ತು ಸಂಜೆಯೊಳಗೆ ಜಾಗ ಬದಲಿಸಬೇಕು ಎಂಬುದು ಅತ್ತೆಯವರ ಷರತ್ತು. ಆದ್ದರಿಂದ ಅತ್ತೆಯವರ ಮೇಲೆ ಯಾವ ಕ್ರಮವೂ ಬೇಡವೆಂದು ಕೇಳಿಕೊಳ್ಳುತ್ತೇನೆ. ತಪ್ಪು ಒಲೆ ಆರಿಸದೆ ಹೋದ ನನ್ನದು, ಅದಕ್ಕೆ ಎಂಟು ಅಂಕ ಈಗಾಗಲೇ ಕಡಿತವಾಗಿದೆ.

ಹೇಳಿದ್ದನ್ನು ರೈಟರು ನನಗೆ ಓದಿ ಕೇಳಿಸಿದರು. ನಾನು ಹೇಳಿದ ಹಾಗೆಯೇ ಇದೆ, ನಾನು ಕಂಡ ಹಾಗೆಯೇ ಇದೆ, ಯಾರ ಒತ್ತಾಯವೂ ಇಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಮಂಗಳವಾರ, ಮಧ್ಯಾಹ್ನ 12 ಗಂಟೆ 25 ನಿಮಿಷ

ಬಲಗೈಗೆ ಪಟ್ಟಿ ಇರುವುದರಿಂದ ಎಡಗೈಯಲ್ಲಿ ಸಹಿ ಮಾಡಿರುತ್ತೇನೆ. ಕಾಗದ ಜಾರುತ್ತಿದ್ದುದರಿಂದ ಅತ್ತೆಯವರನ್ನು ಒಳಗೆ ಕರೆಸಲಾಯಿತು. ಸಹಿ ಮುಗಿಯುವವರೆಗೆ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದವರು ಅವರು.