ರೀಲುಗಳ ಮೇಲಿನ ಚೀಟಿ

ವೇದಿಕೆಯ ನಡುವೆ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ನನ್ನನ್ನು ಹನ್ನೆರಡು ನಿಮಿಷ ಹೊಗಳಿ ಕೊನೆಗೆ ನನ್ನ ಹೆಸರನ್ನೇ ತಪ್ಪಾಗಿ ಹೇಳಿದ ಮುಖ್ಯ ಅತಿಥಿಗಳೇ, ಮುಖ್ಯೋಪಾಧ್ಯಾಯರೇ, ಇಪ್ಪತ್ತೊಂಬತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ನನ್ನನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಪೋಷಕರೇ, ಮಕ್ಕಳೇ, ಸಭಿಕರೇ,

ನಗಬೇಡಿ. ಹೆಸರು ತಪ್ಪಿದ್ದಕ್ಕೆ ನನಗೆ ಬೇಸರವಿಲ್ಲ. ಈ ಶಾಲೆಯಲ್ಲಿ ನನ್ನ ನಿಜವಾದ ಹೆಸರು ಇರುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಮಕ್ಕಳ ಬಾಯಲ್ಲಿ ನಾನು ಕೆಂಪು ಮಸಿ. ಡ್ರಾಯಿಂಗ್ ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಬೈಗುಳ ಬರೆಯುವ ಮೇಡಂ ಬೇರೆ ಯಾವ ಶಾಲೆಯಲ್ಲಾದರೂ ಇದ್ದಾರೋ ಇಲ್ಲವೋ ತಿಳಿಯದು. ಹಿಂದಿನ ಸಾಲಿನಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳು ತಲೆ ತಗ್ಗಿಸುತ್ತಿದ್ದೀರಿ. ಯಾಕೆ ತಗ್ಗಿಸುತ್ತೀರಿ? ಆ ಹೆಸರಿಗೆ ನಾನು ಯೋಗ್ಯಳೇ ಆಗಿದ್ದೆ.

ನಿವೃತ್ತಳಾದ ನನಗೆ ಈ ಫಲಕ ಕೊಟ್ಟದ್ದು ದಾರದ ಪಾಠಕ್ಕೆ. ಚಿತ್ರಕಲೆಯ ಮೂಲಕ ಮಕ್ಕಳಿಗೆ ಅನುವಂಶೀಯತೆ ಕಲಿಸಿದ್ದಕ್ಕೆ ಎಂದು ಇದರ ಮೇಲೆ ಕೆತ್ತಿದ್ದಾರೆ. ಕೇಳಲು ಎಷ್ಟು ಚೆನ್ನಾಗಿದೆ. ಇದೇ ಶಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್ ಎಂದರೆ ಗಣಿತದ ಮೇಷ್ಟ್ರಿಗೆ ಸಿಲಬಸ್ ಮುಗಿಯದಿದ್ದಾಗ ಸಿಗುವ ಪಿರಿಯಡ್ ಆಗಿತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು ನಕ್ಕರೆ ಸಾಕು, ನಾನು ಡಸ್ಟರ್ ಎತ್ತಿಕೊಂಡು ಹೊರಡುತ್ತಿದ್ದೆ. ಈಗ ಅವರೇ ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸಂತೋಷ, ಮೇಷ್ಟ್ರೇ.

ಐದು ವರ್ಷದ ಹಿಂದೆ ಜೀವಶಾಸ್ತ್ರದ ಮೇಡಂ ಬಂದು, "ಅನುವಂಶೀಯತೆ ಪಾಠ ಅಂದ್ರೆ ಮಕ್ಕಳು ಆಕಳಿಸ್ತಾರೆ. ನೀವೇನಾದ್ರೂ ಮಾಡ್ತೀರಾ?" ಎಂದು ಕೇಳಿದರು. ಅದರ ಹಿಂದಿನ ವರ್ಷ ನನ್ನ ಅಪ್ಪ ತೀರಿಕೊಂಡಿದ್ದರು. ಅಪ್ಪ ದರ್ಜಿ. ಅವರ ಅಂಗಡಿ ಖಾಲಿ ಮಾಡಿದಾಗ ಎರಡು ಡಬ್ಬಿ ದಾರದ ರೀಲು ನನ್ನ ಪಾಲಿಗೆ ಬಂದಿತ್ತು. ಎಸೆಯಲು ಮನಸ್ಸಾಗದೆ ಇಟ್ಟುಕೊಂಡಿದ್ದೆ. ಅದನ್ನೇ ತರಗತಿಗೆ ತಂದೆ.

ಪಾಠ ಇಷ್ಟೇ. ಪ್ರತಿ ಮಗು ಬಟ್ಟೆಯ ತುಂಡಿನ ಮೇಲೆ ತನ್ನ ಮುಖ ಬರೆದು ದಾರದಲ್ಲಿ ಹೊಲಿಯಬೇಕು. ಮುಖದ ಕೆಳಗೆ, ಹೆತ್ತವರಿಂದ ಬಂದ ವರ್ಣತಂತುಗಳ ಗುರುತಾಗಿ, ಎರಡು ದಾರ. ಹುಡುಗಿಯಾದರೆ ಎರಡೂ ಉದ್ದ: ಒಂದು ಅಮ್ಮನದು, ಒಂದು ಅಪ್ಪನದು. ಹುಡುಗನಾದರೆ ಅಮ್ಮನದು ಉದ್ದ, ಅಪ್ಪನದು ಗಿಡ್ಡ. ಬಣ್ಣಗುರುಡು ಎಂಬ ದೋಷ ಇರುವುದು ಉದ್ದದ ದಾರದಲ್ಲಿ. ಅದನ್ನು ತೋರಿಸಲು ದಾರಕ್ಕೊಂದು ಗಂಟು. ಹುಡುಗಿಯ ಒಂದು ದಾರದಲ್ಲಿ ಗಂಟಿದ್ದರೂ ಇನ್ನೊಂದು ಅವಳನ್ನು ಕಾಯುತ್ತದೆ. ಅವಳಿಗೆ ಎಲ್ಲ ಬಣ್ಣವೂ ಕಾಣುತ್ತದೆ. ಹುಡುಗನಿಗಿರುವುದು ಒಂದೇ ಉದ್ದದ ದಾರ. ಅಮ್ಮ ಗಂಟಿರುವುದನ್ನು ಕೊಟ್ಟಳೋ, ಮುಗಿಯಿತು. ಕೆಂಪು, ಹಸಿರು, ಕಂದು ಎಲ್ಲ ಅವನಿಗೆ ಹೆಚ್ಚುಕಡಿಮೆ ಒಂದೇ. ಆಕಳಿಸುತ್ತಿದ್ದ ಮಕ್ಕಳು ಊಟದ ಗಂಟೆ ಹೊಡೆದರೂ ಏಳದೆ ಹೊಲಿದರು. ಆ ಮುಖಗಳನ್ನೇ ನೀವು ಹೊರಗಿನ ಕಾರಿಡಾರಿನಲ್ಲಿ ನೋಡಿದ್ದು.

ಮೊದಲ ವರ್ಷದ ಮೊದಲ ದಿನ ಒಬ್ಬ ಹುಡುಗಿ ಒಂದು ರೀಲು ತಿರುಗಿಸಿ ನೋಡಿದಳು. ಪ್ರತಿ ರೀಲಿನ ತಲೆಯ ಮೇಲೂ ಚಿಕ್ಕ ಚೀಟಿ ಅಂಟಿಸಿತ್ತು. ಒಂದರ ಮೇಲೆ ಕೆಂಪು, ಒಂದರ ಮೇಲೆ ಹಸಿರು, ಒಂದರ ಮೇಲೆ ಎಲೆಹಸಿರು, ಒಂದರ ಮೇಲೆ ಕಂದು.

"ಮೇಡಂ, ಬಣ್ಣ ಕಣ್ಣಿಗೇ ಕಾಣುತ್ತಲ್ಲ. ಹೆಸರು ಯಾಕೆ ಬರೆದಿದ್ದಾರೆ?" ಎಂದು ಕೇಳಿದಳು.

"ನಮ್ಮಪ್ಪ ಅಚ್ಚುಕಟ್ಟಿನ ಮನುಷ್ಯ" ಎಂದೆ. ಹುಟ್ಟಿದಾಗಿನಿಂದ ನಾನು ನಂಬಿದ್ದು ಅದನ್ನೇ. ಹಾಗೆ ಹೇಳುತ್ತಲೇ ಚೀಟಿಯನ್ನು ನೋಡಿದೆ. ಅಕ್ಷರ ಅಪ್ಪನದಲ್ಲ, ಅಮ್ಮನದು. ಅಮ್ಮ ಬದುಕಿದ್ದಷ್ಟು ದಿನವೂ ಗುಂಡಿ ಹಚ್ಚುವ ನೆಪದಲ್ಲಿ ಮಷೀನಿನ ಪಕ್ಕದಲ್ಲೇ ಕೂರುತ್ತಿದ್ದಳು. ಗಿರಾಕಿ ಬಟ್ಟೆ ತಂದರೆ ಅದಕ್ಕೆ ಹೊಂದುವ ರೀಲು ಅಪ್ಪನ ಕೈಗೆ ಕೊಡುತ್ತಿದ್ದವಳು ಅವಳೇ. ಗಂಡನ ಮರ್ಯಾದೆ ಕಾಪಾಡಲು ಒಬ್ಬ ಹೆಂಗಸು ನಲವತ್ತು ವರ್ಷ ಗುಂಡಿ ಹಚ್ಚಿದಳು. ಅವರಿಗೆ ಬಣ್ಣ ತಿಳಿಯದೆಂದು ಮಗಳಿಗೂ ಹೇಳಲಿಲ್ಲ.

ಕಪ್ಪುಹಲಗೆಯ ಮೇಲೆ ನಾನು ಆಗಷ್ಟೇ ಒಂದು ಕುಟುಂಬದ ಚಿತ್ರ ಬರೆದಿದ್ದೆ. ಅಪ್ಪನ ದಾರದಲ್ಲಿ ಗಂಟು. ಅಪ್ಪನಿಗಿರುವುದು ಅದೊಂದೇ ಉದ್ದದ ದಾರ, ಅವನ ಮಗಳಿಗೆ ಬೇರೆ ಯಾವುದು ಸಿಗುತ್ತದೆ? ಅವಳಿಗೂ ಗಂಟು. ಅವಳ ಮಗನಿಗೆ? ನನ್ನ ಕೈಯಲ್ಲಿದ್ದ ಚಾಕ್ ಅಲ್ಲೇ ನಿಂತಿತು.

"ಮೇಡಂ, ನಿಮಗೆ ಮಗ ಇದ್ದಾರಲ್ವಾ? ಅವರಿಗೆ ಹೇಗಿದೆ?" ಎಂದು ಅದೇ ಹುಡುಗಿ ಕೇಳಿದಳು.

"ಚೆನ್ನಾಗಿದಾನೆ, ಕೂತ್ಕೋ" ಎಂದೆ.

ಸಭಿಕರೇ, ನನ್ನ ಮಗ ಏಳನೇ ತರಗತಿಯಲ್ಲಿ ಇದೇ ಶಾಲೆಯಲ್ಲಿದ್ದ. ಶಾಲೆಯಲ್ಲಿ ನನ್ನನ್ನು ಅಮ್ಮ ಅನ್ನಕೂಡದು, ಮೇಡಂ ಅನ್ನಬೇಕು ಎಂದು ಕಟ್ಟಪ್ಪಣೆ ಮಾಡಿದ್ದೆ. ಮಗನಿಗೆ ಮಾರ್ಕು ಕೊಟ್ಟಳು ಎಂದು ಯಾರಾದರೂ ಆಡಿಕೊಂಡರೆ? ನನಗೆ ಅದೊಂದೇ ಭಯ. ಅವನ ಗೆರೆ ಎಂಥದ್ದು ಗೊತ್ತೇ? ಪೆನ್ಸಿಲ್ ಇಟ್ಟರೆ ಹಾಳೆಯಿಂದ ಎತ್ತುತ್ತಿರಲಿಲ್ಲ. ಚಿತ್ರಗಾರನಾಗುತ್ತೇನೆ ಎನ್ನುತ್ತಿದ್ದ. ಪರೀಕ್ಷೆಗೆ ಅಜ್ಜ ಮಷೀನಿನ ಮುಂದೆ ಕೂತಿರುವ ಚಿತ್ರ ಬರೆದ. ಕನ್ನಡಕ ಮೂಗಿನ ತುದಿಯಲ್ಲಿ, ಬಾಯಲ್ಲಿ ಸೂಜಿ, ಎದುರಿಗೆ ರೀಲುಗಳ ಸಾಲು, ರೀಲುಗಳ ಮೇಲೆ ಚೀಟಿಗಳು. ಹೌದು, ಚೀಟಿಗಳನ್ನೂ ಬರೆದಿದ್ದ. ನನಗೆ ಅದು ಕಾಣಲಿಲ್ಲ. ನನಗೆ ಕಂಡದ್ದು ಅಜ್ಜನ ಹಸಿರು ಮುಖ, ಕಿಟಕಿಯಾಚೆಯ ಗಿಡದ ಕಂದು ಎಲೆ.

ನನ್ನ ಮೇಲಿನ ಸಿಟ್ಟಿಗೆ ಬೇಕೆಂದೇ ಹೀಗೆ ಮಾಡಿದ್ದಾನೆ ಅಂದುಕೊಂಡೆ. ಆ ಚಿತ್ರವನ್ನು ಇಡೀ ತರಗತಿಯ ಮುಂದೆ ಎತ್ತಿ ಹಿಡಿದೆ. "ಈ ಅಜ್ಜನಿಗೆ ಏನು ಕಾಯಿಲೆ ಹೇಳಿ ನೋಡೋಣ" ಎಂದೆ. ನಲವತ್ತೆರಡು ಮಕ್ಕಳು ನಕ್ಕರು. ಮಕ್ಕಳನ್ನು ನಗಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು. ಕಂದು ಎಲೆಯ ಮೇಲೆ ಕೆಂಪು ಮಸಿಯಲ್ಲಿ 'ಗಮನವಿಲ್ಲ' ಎಂದು ಬರೆದು ಫೇಲು ಮಾಡಿದೆ. ನಾನು ಬರೆದದ್ದು ಅವನಿಗೆ ಸರಿಯಾಗಿ ಕಂಡಿರಲಾರದು ಎಂದು ಈಗ ಹೊಳೆಯುತ್ತದೆ.

ಅಂದು ಸಂಜೆ ಚಿತ್ರ ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿ ಮೊಮ್ಮಗನ ಮೇಲೆ ಚಾಡಿ ಹೇಳಿದೆ. ಅಪ್ಪ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. "ಇದರಲ್ಲಿ ತಪ್ಪೇನಿದೆಯಮ್ಮ? ನನ್ನ ಹಾಗೇ ಇದೆಯಲ್ಲ" ಎಂದರು. ಮೊಮ್ಮಗನ ಪರ ವಹಿಸಿ ಮಾತನಾಡುತ್ತಿದ್ದಾರೆ ಎಂದು ಅವರ ಮೇಲೂ ರೇಗಿದೆ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಗುಂಡಿ ಹಚ್ಚುತ್ತ ತಲೆ ಎತ್ತಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. ಆದರೆ ಅವರನ್ನು ದೂರಿ ಏನು ಬಂತು? ಫೇಲು ಮಾಡಿದವಳು ನಾನು.

ಮಗ ಮತ್ತೆ ಬಣ್ಣ ಮುಟ್ಟಲಿಲ್ಲ. ಈಗ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಾನೆ. ಕಟ್ಟಡಗಳ ಹೆಸರು, ಸಮಾಧಿಯ ಹೆಸರು. ಅಕ್ಷರ ಚೆನ್ನಾಗಿರುತ್ತದಂತೆ. ನನಗೆ ತೋರಿಸಿಲ್ಲ.

ಕಪ್ಪುಹಲಗೆಯ ಮುಂದೆ ಚಾಕ್ ನಿಂತ ದಿನ ಮನೆಗೆ ಹೋಗಿ ಅವನಿಗೆ ಫೋನ್ ಮಾಡಿದೆ. ದಾರ, ಗಂಟು, ಅಜ್ಜ, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಗೊತ್ತಮ್ಮ" ಅಂದ. ಹತ್ತೊಂಬತ್ತನೇ ವಯಸ್ಸಿನಲ್ಲಿ ರೈಲು ಓಡಿಸುವ ಕೆಲಸಕ್ಕೆ ಹೋದಾಗ ಕಣ್ಣಿನ ಪರೀಕ್ಷೆಯಲ್ಲಿ ವಾಪಸ್ ಕಳಿಸಿದ್ದರಂತೆ.

"ನನಗ್ಯಾಕೆ ಹೇಳಲಿಲ್ಲ ಕಣೋ?" ಎಂದೆ.

"ಹೇಳಿದ್ನಲ್ಲ. ನಿನ್ನ ಕ್ಲಾಸಲ್ಲೇ ಎದ್ದು ನಿಂತು ಹೇಳಿದ್ದೆ. ಮೇಡಂ, ನನಗೆ ಎರಡೂ ಒಂದೇ ಥರ ಕಾಣುತ್ತೆ ಅಂತ. ನೀನು ಹೊರಗೆ ನಿಲ್ಲಿಸಿದೆ."

ನನಗೆ ಅದು ನೆನಪೇ ಇಲ್ಲ. ನೆನೆದು ನೋಡಿದೆ, ಇಂದಿಗೂ ನೆನಪಿಗೆ ಬರುತ್ತಿಲ್ಲ. ಎಷ್ಟು ಮಕ್ಕಳನ್ನು ಹೊರಗೆ ನಿಲ್ಲಿಸಿದ್ದರೆ ಸ್ವಂತ ಮಗನನ್ನು ನಿಲ್ಲಿಸಿದ್ದು ಮರೆತುಹೋಗುತ್ತದೆ, ನೀವೇ ಹೇಳಿ.

ಆಮೇಲೂ ಐದು ವರ್ಷ ಅದೇ ಪಾಠ ಮಾಡಿದೆ. 'ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ' ಎಂದು ಶುರು ಮಾಡುತ್ತಿದ್ದೆ. ಮಕ್ಕಳಿಗೆ ತುಂಬ ಇಷ್ಟ. ಬೇರೆ ಶಾಲೆಯವರು ಬಂದು ಬರೆದುಕೊಂಡು ಹೋದರು. ದರ್ಜಿಗೆ ಮಗಳಿದ್ದಳು, ಮಗಳಿಗೆ ಮಗನಿದ್ದ ಎನ್ನುವಲ್ಲಿಗೆ ಪಾಠ ನಿಲ್ಲಿಸುತ್ತಿದ್ದೆ. ಮಗಳು ಏನು ಮಾಡಿದಳು ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವತ್ತು ಈ ಫಲಕ ಬಂದಿರುವುದು ಆ ಕಥೆಗೆ.

ಹೋದ ವಾರ ಮಗನನ್ನು ಈ ಸಭೆಗೆ ಕರೆದೆ. "ಆ ಚಿತ್ರ ಜೋಪಾನವಾಗಿ ಇಟ್ಟಿದೀನಿ. ಎಲ್ಲರ ಮುಂದೆ ತೋರಿಸಿ ತಪ್ಪು ನಂದೇ ಅಂತ ಒಪ್ಕೋತೀನಿ, ಬಾರೋ" ಎಂದೆ.

"ಮತ್ತೆ ಎತ್ತಿ ಹಿಡೀತೀಯಾ?" ಅಂದ. ಫೋನ್ ಇಟ್ಟುಬಿಟ್ಟ.

ಮುಖ್ಯೋಪಾಧ್ಯಾಯರೇ, ಆಮಂತ್ರಣ ಪತ್ರಿಕೆಯಲ್ಲಿ 'ಅಪರೂಪದ ಚಿತ್ರವೊಂದರ ಪ್ರದರ್ಶನ' ಎಂದು ಅಚ್ಚು ಹಾಕಿಸಿದ್ದೀರಿ. ಚಿತ್ರ ನನ್ನ ಕಾಲ ಬಳಿಯ ಈ ಚೀಲದಲ್ಲಿದೆ. ಅದು ಹೊರಗೆ ಬರುವುದಿಲ್ಲ, ಕ್ಷಮಿಸಿ. ನನ್ನ ಜಾಗಕ್ಕೆ ಬಂದಿರುವ ಹೊಸ ಡ್ರಾಯಿಂಗ್ ಮೇಡಂ ಇಲ್ಲೇ ಎಲ್ಲೋ ಕೂತಿದ್ದೀರಿ. ಅಪ್ಪನ ರೀಲುಗಳ ಡಬ್ಬಿ ನಿಮ್ಮ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಚೀಟಿಗಳನ್ನು ಕೀಳಬೇಡಿ. ಯಾವ ಮಗುವಾದರೂ ಎದ್ದು ನಿಂತು ಎರಡೂ ಒಂದೇ ಥರ ಕಾಣುತ್ತದೆ ಎಂದರೆ, ಇನ್ನೊಮ್ಮೆ ಹೇಳಿಸಿ ಕೇಳಿ.

ಈ ಬೆಳಿಗ್ಗೆ ಮನೆಯಿಂದ ಹೊರಡುವಾಗ ಎರಡೇ ಮಾತು ಹೇಳಿ ಇಳಿಯುತ್ತೇನೆ, ಮಗನ ಸುದ್ದಿ ಎತ್ತುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಿದ್ದೆ. ಈಗ ನೋಡಿ. ಚಿತ್ರವನ್ನು ಚೀಲದಲ್ಲಿಟ್ಟು ಅವನನ್ನೇ ಎತ್ತಿ ಹಿಡಿದಿದ್ದೇನೆ. ಅವತ್ತು ನಲವತ್ತೆರಡು ಮಂದಿ, ಇವತ್ತು ಸಭಾಂಗಣ ತುಂಬ. ಅವತ್ತೂ ಅವನನ್ನು ಕೇಳಲಿಲ್ಲ, ಇವತ್ತು ಅವನು ಬೇಡ ಎಂದ ಮೇಲೂ ಬಿಡಲಿಲ್ಲ. ನನ್ನ ಈ ಗುಣ ಯಾವ ದಾರದಲ್ಲಿ ಬಂತೋ ನನಗೆ ಗೊತ್ತಿಲ್ಲ.

ವಿಡಿಯೊ ತೆಗೆಯುತ್ತಿರುವವರೇ, ನಾನು ಇಲ್ಲಿಯವರೆಗೆ ಆಡಿದ್ದನ್ನೆಲ್ಲ ದಯವಿಟ್ಟು ಅಳಿಸಿಬಿಡಿ. ಇನ್ನು ಮುಂದಿನದಷ್ಟೇ ಇರಲಿ.

ನನ್ನನ್ನು ಕರೆದು ಕೂರಿಸಿ ಗೌರವಿಸಿದ ಎಲ್ಲರಿಗೂ ನಾನು ಋಣಿ. ಮಕ್ಕಳು ಚೆನ್ನಾಗಿ ಹೊಲಿದಿದ್ದೀರಿ. ನಮಸ್ಕಾರ.