ಫೋಟೋಕ್ಕೆ ಅಡ್ಡ ಬಂದ ಕೈ

ಪುಸ್ತಕ ಸ್ವಲ್ಪ ಹೊತ್ತು ಮುಚ್ಚಿಡೋಣ. ದಯೆ ಅಂದರೇನು ಅಂತ ಮೂರು ದಿವಸದಿಂದ ಈ ಪ್ರವಚನದಲ್ಲಿ ಹೇಳ್ತಾ ಇದ್ದೀನಿ, ನೀವೂ ತಲೆ ಆಡಿಸ್ತಾ ಇದ್ದೀರಿ. ತಲೆ ಆಡಿಸೋಕೆ ಏನು ಕಷ್ಟ? ಇವತ್ತು ಒಂದು ಕಥೆ ಹೇಳ್ತೀನಿ. ಹೇಳಬೇಕೋ ಬೇಡವೋ ಅಂತ ಒಂದು ವರ್ಷ ಒದ್ದಾಡಿದ್ದೀನಿ, ಯಾಕೆಂದರೆ ಇದರಲ್ಲಿ ನನ್ನ ತಪ್ಪೂ ಇದೆ.

ಒಂದೂರು. ಆ ಊರಲ್ಲೊಬ್ಬ ಶ್ರೀಮಂತ. ಯಾವ ಊರು, ಯಾರಾತ ಅಂತ ಕೇಳಬೇಡಿ. ಹೆಸರು ಹೇಳಿದರೆ ಅವನನ್ನು ಬೈದುಕೊಂಡು ಆರಾಮಾಗಿ ಮನೆಗೆ ಹೋಗಿಬಿಡ್ತೀರಿ, ನಿಮ್ಮನ್ನು ನೀವು ನೋಡಿಕೊಳ್ಳೋದಿಲ್ಲ. ಕೆಟ್ಟವನಾ ಆತ? ಅಲ್ಲ. ಅದೇ ನೋಡಿ ಎದೆ ಝಲ್ ಅನ್ನಿಸೋ ವಿಷಯ. ದಾಸೋಹಕ್ಕೆ ಅಕ್ಕಿ ಕಳಿಸ್ತಿದ್ದ. ಸೋಮವಾರ ಒಪ್ಪತ್ತು. ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವಂಥ ಮನುಷ್ಯ.

ಆತ ಹೊಸ ಕಾರು ತಗೊಂಡ. ಬಿಳೀ ಕಾರು. ಶೋರೂಮಿನಿಂದ ನೇರ ನಮ್ಮ ಮಠಕ್ಕೇ ತಂದ. ಕುಂಕುಮ ಹಚ್ಚಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡಿಸಿ, ಸ್ಟಿಯರಿಂಗಿಗೆ ದಾರ ಕಟ್ಟಿದವನು ನಾನೇ. ಕಾರಿಗೆ ಒಂದು ಗೀರೂ ಬೀಳದ ಹಾಗೆ ಆಶೀರ್ವಾದ ಮಾಡಿ ಬುದ್ಧಿ ಅಂದ. ಮಾಡಿದೆ. ನೋಡಿ, ಕಾರಿಗೆ ಗೀರು ಬೀಳಬಾರದು ಅಂತ ಆಶೀರ್ವಾದ. ಆ ಕಾರಿನಿಂದ ಇನ್ನೊಬ್ಬರ ಮೈಮೇಲೆ ಗೀರು ಬೀಳಬಾರದು ಅಂತ ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮೂರು ತಿಂಗಳು ಕಳೆದಿರಬೇಕು. ಒಂದು ದಿನ ಬೆಳಗ್ಗೆ ಒಂಬತ್ತು ಗಂಟೆ. ಊರಾಚೆ ಗ್ಯಾರೇಜುಗಳ ಸಾಲಿರುವ ರಸ್ತೆ ಇದೆಯಲ್ಲ, ಅಂಥ ರಸ್ತೆಗೆ ಈತ ಕಾರು ತಿರುಗಿಸಿದ. ಒಂದು ಕೈಯಲ್ಲಿ ಸ್ಟಿಯರಿಂಗು, ಒಂದು ಕೈಯಲ್ಲಿ ಫೋನು. ಎದುರಿಗೆ ಒಬ್ಬ ಮೊಪೆಡ್ಡಿನಲ್ಲಿ ತನ್ನ ಪಾಡಿಗೆ ತಾನು ಬರ್ತಿದ್ದ. ನೀಲಿ ಮೊಪೆಡ್ಡು, ಮುಂದೆ ಊಟದ ಡಬ್ಬಿ. ಕಾರಿನ ಎಡಮೂಲೆ ಹೋಗಿ ಬಡಿಯಿತು. ಬಂಪರು ಕಿತ್ತು ಜೋತಾಡಿತು, ಹೆಡ್‌ಲೈಟು ಪುಡಿಯಾಯಿತು, ಮಡ್‌ಗಾರ್ಡು ಒಳಕ್ಕೆ ಹೋಯಿತು. ಆ ಮನುಷ್ಯ ಬಿದ್ದ, ಅವನ ಬಲಗೈ ಮೇಲೆ ಮೊಪೆಡ್ಡು ಬಿತ್ತು.

ಈಗ ಹೇಳಿ. ನೀವಾಗಿದ್ದರೆ ಕಾರಿನಿಂದ ಇಳಿದು ಮೊದಲು ಎಲ್ಲಿಗೆ ಹೋಗ್ತೀರಿ? ಬಿದ್ದವನ ಹತ್ತಿರ ಅಂತೀರಿ. ಇಲ್ಲಿ ಕೂತಾಗ ಎಲ್ಲರೂ ಹಾಗೇ ಅಂತೀವಿ.

ಈತ ಇಳಿದವನು ಮೊದಲು ಬಂಪರು ನೋಡಿದ. ಆಮೇಲೆ ಇನ್ಶೂರೆನ್ಸ್ ಏಜೆಂಟನಿಗೆ ಫೋನು ಮಾಡಿದ. ಏಜೆಂಟು, ಗಾಡಿ ಅಲ್ಲಾಡಿಸಬೇಡಿ, ನಾಲ್ಕೂ ದಿಕ್ಕಿನಿಂದ ಫೋಟೋ ತೆಗೀರಿ, ನಂಬರ್ ಪ್ಲೇಟು ಕಾಣಬೇಕು, ಡ್ಯಾಮೇಜು ಸ್ಪಷ್ಟವಾಗಿ ಕಾಣಬೇಕು ಅಂದ. ಸರಿ, ಈತ ಫೋಟೋ ತೆಗೆಯೋಕೆ ಶುರು ಮಾಡಿದ. ಹಿಂದಿನಿಂದ ಒಂದು, ಬಲಗಡೆಯಿಂದ ಒಂದು. ಎಡಗಡೆ ಬಂದ. ಅಲ್ಲಿ, ಒಡೆದ ಹೆಡ್‌ಲೈಟಿನ ಪಕ್ಕದಲ್ಲೇ, ಆ ಮನುಷ್ಯ ಹೇಗೋ ಎದ್ದು ಕೂತು ಬಂಪರಿಗೆ ಎಡಗೈ ಊರಿಕೊಂಡಿದ್ದ. ಶ್ರೀಮಂತ ಅವನಿಗೆ ಏನಂದ ಗೊತ್ತಾ?

"ಸ್ವಲ್ಪ ಆಚೆ ಸರಿಯಪ್ಪಾ, ಫೋಟೋಕ್ಕೆ ಅಡ್ಡ ಬರ್ತಾ ಇದೀಯ."

ಈ ಮಾತು ನನ್ನ ಕಿವಿಗೆ ಬಿದ್ದ ದಿನ ನನಗೆ ಅನ್ನ ಸೇರಲಿಲ್ಲ. ಕೈ ಮುರಿದು ಕೂತವನಿಗೆ, ಮುರಿದವನು ಹೇಳ್ತಾನೆ, ಆಚೆ ಸರಿ ಅಂತ. ಅದಕ್ಕಿಂತ ಗಾಬರಿಯ ವಿಷಯ ಏನು ಗೊತ್ತಾ? ಅವನು ಸರಿದ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಕುಂಡಿಯ ಮೇಲೇ ಜರುಗುತ್ತಾ ಆಚೆ ಸರಿದ.

ಫೋಟೋ ಎಲ್ಲ ಮುಗಿದ ಮೇಲೆ ನಮ್ಮ ಶ್ರೀಮಂತನಿಗೆ ಅವನ ನೆನಪು ಬಂತು. ಏನೂ ಆಗಿಲ್ಲ ತಾನೇ ಅಂತ ಕೇಳಿದ. ನೋಡಿ ಈ ಪ್ರಶ್ನೆಯ ಚೆಂದ. ಉತ್ತರವನ್ನೂ ಒಳಗೇ ಹಾಕಿ ಕೇಳೋದು. ಏನಾಯ್ತಪ್ಪಾ ಅಂತ ಕೇಳಿದರೆ ಅವನು ಏನಾದರೂ ಹೇಳಿಬಿಟ್ಟಾನು, ಆಸ್ಪತ್ರೆಗೆ ಹೋಗಬೇಕಾದೀತು. ಏನೂ ಆಗಿಲ್ಲ ತಾನೇ ಅಂದರೆ ಬಡವ ಏನು ಹೇಳಬೇಕು? ಏನಿಲ್ಲ ಬಿಡಿ ಅಂದ. ಕಾರನ್ನು ಟೋ ಮಾಡಿ ಅದೇ ರಸ್ತೆಯ ಗ್ಯಾರೇಜಿಗೆ ಎಳೆಸಿದರು. ಕಥೆ ಮುಗಿಯಿತು ಅಂದುಕೊಂಡ.

ಗ್ಯಾರೇಜಿನಲ್ಲಿ ಕ್ಲೇಮ್ ಫಾರಂ ಕೊಟ್ಟರು. ಅಪಘಾತ ಹೇಗಾಯಿತು ಅಂತ ಒಂದು ಕಾಲಂ. ಏಜೆಂಟು ಫೋನಿನಲ್ಲಿ ಹೇಳಿಕೊಟ್ಟ: ನಾಯಿ ಅಡ್ಡ ಬಂತು, ತಪ್ಪಿಸೋಕೆ ಹೋಗಿ ರಸ್ತೆ ಬದಿಯ ಕಲ್ಲಿಗೆ ಬಡಿಯಿತು ಅಂತ ಬರೀರಿ ಸಾರ್, ಮನುಷ್ಯ ಅಂತ ಬರೆದರೆ ಪೊಲೀಸು, ಸ್ಟೇಷನ್ನು, ಎಲ್ಲ ತಾಪತ್ರಯ. ನಗಬೇಡಿ, ನಗಬೇಡಿ. ಆ ನಾಯಿ ನಿಮ್ಮ ಫಾರಂನಲ್ಲೂ ಓಡಾಡಿದೆ. ಇನ್ಶೂರೆನ್ಸ್ ಫಾರಂಗಳಲ್ಲಿ ಅಡ್ಡ ಬಂದಷ್ಟು ನಾಯಿಗಳು ನಮ್ಮ ರಸ್ತೆಗಳಲ್ಲಿ ಹುಟ್ಟೇ ಇಲ್ಲ.

ಕೆಳಗೆ ಇನ್ನೊಂದು ಕಾಲಂ. ಮೂರನೆಯವರಿಗೆ ಗಾಯವಾಗಿದೆಯೇ? ಅಲ್ಲಿ ಈತ ಬರೆದ: ಇಲ್ಲ. ಎರಡೇ ಅಕ್ಷರ. ಅದನ್ನು ಬರೆಯೋಕೆ ಎಷ್ಟು ಹೊತ್ತು ಬೇಕು? ಪೆನ್ನಿನ ಕ್ಯಾಪು ತೆಗೆಯೋಕೆ ಅದಕ್ಕಿಂತ ಜಾಸ್ತಿ ಹೊತ್ತಾಗುತ್ತೆ.

ಸಂಜೆ ನನ್ನ ಹತ್ತಿರ ಬಂದ. ಮುಖ ಬಾಡಿತ್ತು. ಪೂಜೆ ಮಾಡಿಸಿದ ಕಾರು ಬುದ್ಧಿ, ಹೀಗೆ ಯಾಕಾಯ್ತು ಅಂದ. ನಾನು ಏನಂದೆ? ನೀವೆಲ್ಲ ಏನಂತೀರೋ ಅದನ್ನೇ ಅಂದೆ. "ಬೆಟ್ಟದಂಗೆ ಬಂದದ್ದು ಮಂಜಿನಂಗೆ ಹೋಯ್ತು ಅಂತ ತಿಳ್ಕೋಪ್ಪಾ. ನಿನಗೇನೂ ಆಗಲಿಲ್ಲವಲ್ಲ." ಒಂದು ನಿಂಬೆಹಣ್ಣು ಮಂತ್ರಿಸಿ ಕೊಟ್ಟು ಕಳಿಸಿದೆ. ಯಾರಿಗಾದರೂ ಪೆಟ್ಟಾಯ್ತಾ ಅಂತ ನಾನು ಕೇಳಲಿಲ್ಲ. ಕಾವಿ ಉಟ್ಟವನು, ದಿನಾ ನಿಮಗೆ ದಯೆಯ ಮಾತು ಹೇಳುವವನು, ಕೇಳಲಿಲ್ಲ. ಮಂಜಿನಂಗೆ ಹೋಯ್ತಂತೆ. ಯಾರ ಮೇಲೆ ಹೋಗಿ ಬಿತ್ತು ಆ ಬೆಟ್ಟ?

ಇತ್ತ ಕಾರು ಗ್ಯಾರೇಜಿನಲ್ಲಿ ನಿಂತದ್ದು ನಿಂತೇ ಇದೆ. ನಾಲ್ಕು ದಿನವಾಯ್ತು, ಐದು ದಿನವಾಯ್ತು. ಈತ ದಿನಾ ಹೋಗಿ ಕೂಗಾಡೋದು. ಗ್ಯಾರೇಜಿನ ಯಜಮಾನ ಕೈ ಮುಗಿದು ಹೇಳ್ತಿದ್ದ: ಸಾವ್ಕಾರ್ರೇ, ನಮ್ಮ ಟಿಂಕರಿಂಗ್ ಮೇಸ್ತ್ರಿ ಬರ್ತಾ ಇಲ್ಲ, ಯಾವುದೋ ಕಾರು ಗುದ್ದಿ ಕೈ ಮುರ್ಕೊಂಡಿದ್ದಾನೆ ಪಾಪ, ಬೇರೆಯವರು ತಟ್ಟಿದರೆ ತಗಡು ಉಬ್ಬುತ್ತೆ, ಇವನು ತಟ್ಟಿದರೆ ತಟ್ಟಿದ್ದೇ ಗೊತ್ತಾಗಲ್ಲ. ಅದಕ್ಕೆ ನಮ್ಮ ಶ್ರೀಮಂತ ಏನಂದ ಗೊತ್ತಾ? ಕೆಲಸದವರಿಗೆ ರಜಾ ಹಾಕೋಕೆ ಒಂದು ನೆಪ ಬೇಕು ಅಂದ.

ನಿಮ್ಮಲ್ಲಿ ಕೆಲವರಿಗೆ ಈಗಲೇ ಗೊತ್ತಾಗಿ ಹೋಯ್ತು, ಮುಖ ನೋಡಿದರೆ ತಿಳಿಯುತ್ತೆ. ಆದರೆ ಅವನಿಗೆ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಅವನು ಆವತ್ತು ಆ ಮನುಷ್ಯನ ಮುಖವನ್ನೇ ನೋಡಿರಲಿಲ್ಲ.

ಒಂಬತ್ತನೇ ದಿನ ಇನ್ಶೂರೆನ್ಸಿನ ಸರ್ವೇಯರು ಬಂದ. ಸರ್ವೇಯರು ಅಂದರೆ ಗಾಡಿ ಪರೀಕ್ಷೆ ಮಾಡಿ ಕಂಪನಿಗೆ ವರದಿ ಕೊಡುವವನು. ಹೊಸ ಸೊಸೆಯ ಅಡುಗೆ ನೋಡುವ ಅತ್ತೆಯ ಹಾಗೆ, ಅವನು ಯಾವುದನ್ನೂ ಒಂದೇ ಸಲಕ್ಕೆ ಒಪ್ಪೋದಿಲ್ಲ. ಕುಕ್ಕರುಗಾಲಲ್ಲಿ ಕೂತು ಬಂಪರು ಸವರಿದ. ಬಿಳೀ ಬಂಪರಿನ ಮೇಲೆ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಆ ಕಲ್ಲಿಗೆ ನೀಲಿ ಬಣ್ಣ ಯಾರು ಹೊಡೆದಿದ್ರು ಸಾರ್ ಅಂತ ಶ್ರೀಮಂತನನ್ನು ಮೆಲ್ಲಗೆ ಕೇಳಿದ. ಸರ್ವೇಯರು ಈತ ಕಳಿಸಿದ ಫೋಟೋಗಳನ್ನು ತನ್ನ ಫೋನಿನಲ್ಲಿ ತೆಗೆದ, ಮೂರನೇ ಫೋಟೋ ದೊಡ್ಡದು ಮಾಡಿದ. ಅದನ್ನು ಈತ, ಆ ಮನುಷ್ಯ ಸರಿಯೋಕೆ ಮುಂಚೆಯೇ, ಅವಸರದಲ್ಲಿ ತೆಗೆದುಬಿಟ್ಟಿದ್ದ. ಒಡೆದ ಹೆಡ್‌ಲೈಟಿನ ಕೆಳಗೆ, ಮೂಲೆಯಲ್ಲಿ, ಬಂಪರಿಗೆ ಊರಿದ ಒಂದು ಕೈ. ಬರೀ ಕೈ.

ಇದು ಯಾರ ಕೈ ಅಂತ ಸರ್ವೇಯರು ಕೇಳಿದ.

ಗ್ಯಾರೇಜಿನ ಯಜಮಾನ ಪಕ್ಕದಲ್ಲೇ ನಿಂತಿದ್ದ. ಬಗ್ಗಿ ನೋಡಿದ. ಆ ಕೈಯ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವಾಗಲೋ ಸುತ್ತಿಗೆ ಏಟು ಬಿದ್ದು ಆದದ್ದು. ಹದಿನಾಲ್ಕು ವರ್ಷದಿಂದ ತನ್ನ ಶೆಡ್ಡಿನಲ್ಲಿ ತಗಡು ತಟ್ಟುತ್ತಿರುವ ಉಗುರು, ಯಜಮಾನನಿಗೆ ಗುರುತು ಸಿಗದೇ ಇರುತ್ತಾ?

"ಸಾವ್ಕಾರ್ರೇ," ಅಂದ, "ಇದು ನಮ್ಮ ದಸ್ತಗೀರನ ಕೈ."

ಕಥೆಯಲ್ಲಿ ಹೆಸರು ಕೇಳಬೇಡಿ ಅಂದಿದ್ದೆ. ಇವನಿಗೆ ಮಾತ್ರ ಇಟ್ಟುಕೊಂಡಿದ್ದೀನಿ. ಫಾರಂನಲ್ಲಿ ಮೂರನೆಯವರು ಅಂತ ಕರೆಸಿಕೊಂಡವನಿಗೆ ಇಲ್ಲಾದರೂ ಒಂದು ಹೆಸರು ಬೇಡವಾ?

ಯಜಮಾನ ಈತನನ್ನು ದಸ್ತಗೀರನ ಮನೆಗೆ ಕರೆದುಕೊಂಡು ಹೋದ. ಕೈಗೆ ನಾಟಿ ಕಟ್ಟು ಕಟ್ಟಿಸಿದ್ದರು, ಬಿದಿರು ಪಟ್ಟಿ, ಮೊಟ್ಟೆ ಲೋಳೆ ಬಳಿದ ಬಟ್ಟೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರಿದ್ದರು? ಬೆರಳು ಬಾತು ಹೊಳೀತಾ ಇದ್ದವು, ಮೂಳೆ ಆಗಲೇ ಸೊಟ್ಟ ಕೂತಿತ್ತು. ಹೆಂಡತಿ ಅನ್ನ ಕಲಸಿ ತಿನ್ನಿಸ್ತಾ ಇದ್ದಳು. ಶ್ರೀಮಂತನನ್ನು ಕಂಡ ತಕ್ಷಣ ದಸ್ತಗೀರ ಎದ್ದು ನಿಂತ. ಈತ ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಯೋಚಿಸಿಕೊಂಡು ಹೋಗಿದ್ದ. ಆದರೆ ಮೊದಲು ಮಾತಾಡಿದವನು ದಸ್ತಗೀರನೇ.

"ಆವತ್ತು ಫೋಟೋ ಸರಿಯಾಗಿ ಬಂತಾ ಸಾವ್ಕಾರ್ರೇ? ನಾನು ಅಡ್ಡ ಬಂದುಬಿಟ್ಟಿದ್ದೆ."

ಕುಹಕ ಅಂದುಕೊಂಡಿರಾ? ಅಲ್ಲ ತಾಯಿ, ಅಲ್ಲ. ಅವನು ಟಿಂಕರಿಂಗ್ ಮೇಸ್ತ್ರಿ. ಫೋಟೋ ಸರಿಯಿಲ್ಲದಿದ್ದರೆ ಕ್ಲೇಮು ಎಷ್ಟು ಸತಾಯಿಸುತ್ತೆ ಅಂತ ದಿನಾ ಕಂಡವನು. ಅದಕ್ಕೇ ಆವತ್ತು ಮರುಮಾತಿಲ್ಲದೆ ಸರಿದಿದ್ದ. ಒಂಬತ್ತು ದಿನ ಆ ನೋವಿನಲ್ಲೂ ಅವನ ತಲೆಯಲ್ಲಿದ್ದ ಚಿಂತೆ, ತನ್ನಿಂದ ಯಾರದೋ ಕೆಲಸ ಕೆಟ್ಟಿತೇನೋ ಅಂತ. ಮುರಿದವನಿಗೆ ಕಾರಿನ ಚಿಂತೆ, ಮುರಿಸಿಕೊಂಡವನಿಗೂ ಅವನ ಕಾರಿನದೇ ಚಿಂತೆ. ಆ ಕೈಯ ಚಿಂತೆ ಮಾಡುವವರು ಊರಲ್ಲಿ ಒಬ್ಬರೂ ಇರಲಿಲ್ಲ.

ಶ್ರೀಮಂತ ಅಲ್ಲಿಂದ ನೇರ ಮಠಕ್ಕೆ ಬಂದ. ಎಲ್ಲ ಹೇಳಿ, ಹೋಮ ಮಾಡಿಸ್ತೀನಿ ಬುದ್ಧಿ, ಏನು ಪ್ರಾಯಶ್ಚಿತ್ತವೋ ಹೇಳಿ ಅಂತ ಕಾಲು ಹಿಡಿದ. ನಾನು ಅಂದೆ: "ಹೋಮ ಬೇಡ. ಮೊದಲು ಅವನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗು. ಆಮೇಲೆ 'ಇಲ್ಲ' ಅಂತ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕಿ 'ಹೌದು' ಅಂತ ಬರಿ."

ಆಸ್ಪತ್ರೆಗೆ ಮಾರನೇ ದಿನವೇ ಕರೆದುಕೊಂಡು ಹೋದ. 'ಹೌದು' ಬರೆಯೋಕೆ ಮಾತ್ರ ನಾಲ್ಕು ದಿನ ತಗೊಂಡ. ಬೈಯಬೇಡಿ; ನಾವಾಗಿದ್ದರೆ ನಾಲ್ಕು ವರ್ಷ ತಗೊಳ್ತಿದ್ದೆವೋ ಏನೋ. ಐದನೇ ದಿನ ಸ್ಟೇಷನ್ನಿಗೆ ಹೋಗಿ ಗುದ್ದಿದವನು ನಾನೇ ಅಂದ, ಕಂಪನಿಗೂ ಬರೆದುಕೊಟ್ಟ. ಅವನ ಮೇಲೆ ಕೇಸಾಯ್ತು. ಸುಳ್ಳು ಬರೆದದ್ದಕ್ಕೆ ಕಾರಿನ ಕ್ಲೇಮು ವಜಾ ಆಯ್ತು, ರಿಪೇರಿ ಅವನ ಜೇಬಿನಿಂದಲೇ ಆಯ್ತು. ದಸ್ತಗೀರನ ಪರಿಹಾರದ ಅರ್ಜಿ ಕೋರ್ಟಿಗೆ ಹೋಯ್ತು.

ಈಗ ನನ್ನನ್ನು ಬೆಚ್ಚಿಬೀಳಿಸಿದ ಇನ್ನೊಂದು ಮಾತು ಕೇಳಿ. ಆ ಸರ್ವೇಯರೇ ಹೇಳಿದ್ದು. ಸ್ವಂತ ಕಾರಿನ ಡ್ಯಾಮೇಜಿಗೆ ಇನ್ಶೂರೆನ್ಸು ಮಾಡಿಸೋದು ನಮ್ಮ ಇಷ್ಟವಂತೆ. ಎದುರಿನವನಿಗೆ ಆಗುವ ಗಾಯಕ್ಕೆ ಮಾಡಿಸೋದು ಕಡ್ಡಾಯವಂತೆ. ಅಂದರೆ ದಸ್ತಗೀರನ ಕೈಗೆ ಬೇಕಾದದ್ದು ಆ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಮಡಚಿಟ್ಟ ಕಾಗದದಲ್ಲಿ ಮೊದಲ ದಿನದಿಂದಲೂ ಇತ್ತು. ಕಾನೂನಿಗೆ ಗೊತ್ತಿದೆ, ಮೊದಲು ಎದುರಿನವನು, ಆಮೇಲೆ ನಿನ್ನ ಬಂಪರು ಅಂತ. ಭಕ್ತನಿಗೆ ಗೊತ್ತಿರಲಿಲ್ಲ. ಗುರುವಿಗೂ ಗೊತ್ತಿರಲಿಲ್ಲ.

ಡಾಕ್ಟರು ಸೊಟ್ಟ ಕೂತ ಮೂಳೆಯನ್ನು ಮತ್ತೆ ಮುರಿದು ಕೂರಿಸಿದರು. ಮೊದಲ ದಿನವೇ ಬಂದಿದ್ದರೆ ಪೂರ್ತಿ ಸರಿಹೋಗ್ತಿತ್ತು ಅಂದರು. ಕಾರು ಬೇರೆ ಮೇಸ್ತ್ರಿ ಕೈಯಲ್ಲಿ ರಿಪೇರಿಯಾಯ್ತು, ಬಣ್ಣ ಕೂಡ ಹೊಂದಿಕೊಂಡಿತು, ಗುದ್ದಿದ್ದು ಎಲ್ಲಿ ಅಂತ ಈಗ ಹುಡುಕಿದರೂ ಸಿಗೋದಿಲ್ಲ. ದಸ್ತಗೀರನ ಬಲಗೈ ಹೆಬ್ಬೆರಳು ಇವತ್ತಿಗೂ ಮಡಚೋದಿಲ್ಲ. ಸುತ್ತಿಗೆ ಜಾರುತ್ತೆ. ಗ್ಯಾರೇಜಿನಲ್ಲಿ ಕೂತು ಬೇರೆಯವರಿಗೆ ಎಲ್ಲಿ ತಟ್ಟಬೇಕು ಅಂತ ಬಾಯಲ್ಲಿ ಹೇಳಿಕೊಡ್ತಾನೆ.

ನೀವು ಅತ್ತಿತ್ತ ನೋಡಬೇಡಿ, ನನ್ನ ಕಡೆ ನೋಡಿ. ನಿಮ್ಮ ನೆಂಟನೊಬ್ಬ ಫೋನು ಮಾಡಿ ಆಕ್ಸಿಡೆಂಟ್ ಆಯ್ತು ಅಂದರೆ ಏನು ಕೇಳ್ತೀರಿ? ನಿನಗೇನೂ ಆಗಲಿಲ್ಲ ತಾನೇ. ಗಾಡಿಗೆ ಎಷ್ಟು ಪೆಟ್ಟಾಯ್ತು. ಇನ್ಶೂರೆನ್ಸು ಇತ್ತಾ. ಇಷ್ಟೇ. ನಿನಗೇನಾಯ್ತು ಅಂತ ಕೇಳಿ, ತಪ್ಪಿಲ್ಲ. ಆದರೆ ಅದೇ ಉಸಿರಿನಲ್ಲಿ, ಎದುರಿಗಿದ್ದವರಿಗೆ ಏನಾಯ್ತು ಅಂತಲೂ ಕೇಳಿ. ಆಸ್ಪತ್ರೆಗೆ ಕರೆದುಕೊಂಡು ಹೋದೆಯಾ ಅಂತ ಕೇಳಿ. ಇಲ್ಲ ಅಂದರೆ ಫೋನು ಇಡಬೇಡಿ, ಕರೆದುಕೊಂಡು ಹೋಗುವವರೆಗೂ ಬೈಯಿರಿ. ನಾನು ಆವತ್ತು ಆ ಒಂದು ಮಾತು ಕೇಳಿದ್ದರೆ ಸಂಜೆಯೇ ಆ ಕೈ ಡಾಕ್ಟರ ಮುಂದಿರ್ತಿತ್ತು. ನಿಂಬೆಹಣ್ಣು ಕೊಟ್ಟು ಕಳಿಸಿದೆ. ಆ ಹೆಬ್ಬೆರಳಿನಲ್ಲಿ ನನ್ನ ಪಾಲೂ ಇದೆ.

ಇನ್ನು ಗಾಡಿ ಓಡಿಸುವವರು. ನಾಳೆ ಬೆಳಗ್ಗೆ ಡ್ಯಾಶ್‌ಬೋರ್ಡಿನಿಂದ ಆ ಕಾಗದ ತೆಗೆದು, ಎದುರಿನವರಿಗೆ ಅಂತ ಬರೆದ ಸಾಲು ಎಲ್ಲಿದೆ ಹುಡುಕಿ, ಮನೆಯವರಿಗೆಲ್ಲ ಓದಿ ಹೇಳಿ. ಆಗಬಾರದ್ದು ಆಗಿಹೋದರೆ ಫೋನು ಜೇಬಿನಲ್ಲೇ ಇರಲಿ, ತೆಗೆದರೆ ಮೊದಲ ಕರೆ ಆಂಬುಲೆನ್ಸಿಗೆ. ಬಂಪರು ಎಲ್ಲಿಗೂ ಓಡಿಹೋಗೋದಿಲ್ಲ. ಫಾರಂನಲ್ಲಿ ನಾಯಿ ಬಿಡಬೇಡಿ.

ಹೊರಗೆ ಏಳು ಹೊಸ ಗಾಡಿಗಳು ಪೂಜೆಗೆ ಕಾಯ್ತಾ ಇವೆ, ಬರುವಾಗ ನೋಡಿದೆ. ಮಾಡಿಕೊಡ್ತೀನಿ. ಆದರೆ ದಾರ ಕಟ್ಟೋಕೆ ಮುಂಚೆ ಒಬ್ಬೊಬ್ಬರಿಗೂ ಒಂದು ಪ್ರಶ್ನೆ ಕೇಳ್ತೀನಿ: ಗುದ್ದಿದ ದಿನ ಕಾರಿನಿಂದ ಇಳಿದು ಮೊದಲು ಯಾರ ಹತ್ತಿರ ಹೋಗ್ತೀಯಾ? ಹೆಂಡತಿ ಮಕ್ಕಳ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳಬೇಕು. ಹೇಳಿದವರ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀನಿ. ತಡವರಿಸಿದವರು ಗಾಡಿ ಇಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋಗಿ, ದಾರಿಯಲ್ಲಿ ಯೋಚನೆ ಮಾಡಿ, ನಾಳೆ ಬನ್ನಿ.