ಹೊಳೆ ದಾಟದ ಕಾರ್ಡು

ಪೆಟ್ರೋಲ್ ಬಂಕಿನ ಸಾಲಿನಲ್ಲಿ ಸ್ಕೂಟರ್ ಹಿಡಿದು ನಿಂತಿದ್ದ ಮೇಷ್ಟ್ರು, ಮುಂದಿನ ವ್ಯಾನಿನವರ ಮಾತಿಗೆ ಕಿವಿ ಕೊಡಬಾರದು ಅಂದುಕೊಂಡೇ ಕೊಟ್ಟರು.

“ನಿಮ್ಮ ಡೀಸೆಲ್ ಕಾರ್ಡು ಹೊಳೆ ದಾಟಿದ್ರೆ ನಡೆಯಲ್ಲ. ಎಲ್ಲಿತನಕ ನಡೀಬೇಕು ಅಂತ ಮೊನ್ನೆ ನಾನೇ ಫೋನಿನ ಮ್ಯಾಪಲ್ಲಿ ಗೆರೆ ಎಳೆದಿದ್ದೀನಿ. ತಗೊಳ್ಳಿ, ಬಂಕಿನವನಿಗೆ ನನ್ನದು ಕೊಡಿ,” ಎಂದರು ಕಂಪನಿಯ ಲೆಕ್ಕ ನೋಡುವ ಮೇಡಂ.

ಡ್ರೈವರ್ ಕೊಟ್ಟು ನೋಡಿದ. “ಇದೂ ನಡೀಲಿಲ್ಲ ಮೇಡಂ.”

“ಅಯ್ಯೋ! ಎಲ್ಲರ ಕಾರ್ಡಿಗೂ ಅಂತ ಒತ್ತಿಬಿಟ್ಟೆ ಅನ್ಸತ್ತೆ.”

“ನಿಮ್ಮನ್ನೂ ಸೇರಿಸಿ ಕಟ್ಟಿಹಾಕಿದ್ರಾ?”

“ನಗಬೇಡಿ. ಅಲ್ಲ, ಡೀಸೆಲ್ ಹಾಕ್ಸೋಕೆ ನೀವು ಇಲ್ಲಿತನಕ ಯಾಕೆ ಬರೋದು? ಅತ್ತೆ ಮನೆ ಊಟಕ್ಕೆ ಅಂತಾರೆ ಆಫೀಸಲ್ಲಿ.”

“ಊಟವಾ? ಅತ್ತೆ ಕೈಗೆ ಸಿಕ್ಕಿದ್ರೆ ಬೀರು ಎತ್ತಿಸ್ತಾರೆ, ಗೋಡೆಗೆ ಬಣ್ಣ ಹೊಡೆಸ್ತಾರೆ! ನಮ್ಮ ಕಡೆ ಬಂಕಲ್ಲಿ ಗಾಳಿ ಮೆಷಿನ್ ಕೆಟ್ಟು ಮೂರು ತಿಂಗಳಾಯ್ತು. ಟೈರಿಗೆ ಗಾಳಿ ಬೇಡ್ವಾ?”

“ಮೊದಲೇ ಹೇಳೋದಲ್ವಾ!” ಮೇಡಂ ಫೋನು ತೆಗೆದು ಗೆರೆ ಸರಿಸಿದರು. ಈ ಸಲ ಕಾರ್ಡು ನಡೆಯಿತು. “ಅತ್ತೆ ಮನೆ ಎಲ್ಲಿ? ಅದನ್ನೂ ಗೆರೆಯೊಳಗೆ ಸೇರಿಸಿಬಿಡ್ಲಾ?”

“ಬೇಡ ಮೇಡಂ, ಕೈ ಮುಗೀತೀನಿ. ಹೊಳೆ ದಾಟಿದ್ರೆ ವ್ಯಾನೇ ನಿಂತುಹೋಗತ್ತೆ ಅಂತ ಅವರಿಗೆ ಹೇಳಿಟ್ಟಿದ್ದೀನಿ.”

ರಸ್ತೆಯಾಚೆಯಿಂದ ಹಿರಿಯ ಹೆಂಗಸೊಬ್ಬರು ಕೈಬೀಸಿದರು. ವ್ಯಾನು ಹೊಳೆಯ ಕಡೆ ಓಟ ಕಿತ್ತಿತು.